ಪಟ್ಟಾ ಯಾರದು, ದುಡ್ಡು ಯಾರಿಗೆ? ತಗಾವಿಯಿಂದ ಪಿಎಂ ಕಿಸಾನ್‌ವರೆಗೆ ನಮ್ಮ ಸೀಮೆಯ ಕಥೆ



ಇತಿಹಾಸ ಎಂದ ಕೂಡಲೇ ನಮ್ಮ ಮಕ್ಕಳು ರಾಜರ ಹೆಸರು, ಯುದ್ಧದ ಇಸವಿ ಒಪ್ಪಿಸಲು ಶುರು ಮಾಡುತ್ತಾರೆ. ಆದರೆ ಮನೆಯ ಮೊಬೈಲಿಗೆ ಬರುವ ಒಂದು ಮೆಸೇಜಿಗೂ ಇತಿಹಾಸ ಇರುತ್ತದೆ. "ಕಂತು ಬಿತ್ತಾ?" ಎಂಬ ಮಾತು ಈಗ ನಮ್ಮ ಊರುಗಳಲ್ಲಿ "ಮಳಿ ಬಂತಾ?" ಎಂಬಷ್ಟೇ ಸಾಮಾನ್ಯ. ಎರಡು ಸಾವಿರ ರೂಪಾಯಿ ಒಬ್ಬರ ಖಾತೆಗೆ ಬೀಳುತ್ತದೆ, ಪಕ್ಕದ ಮನೆಯವರಿಗೆ ಬೀಳುವುದಿಲ್ಲ. ಇಬ್ಬರೂ ಅದೇ ಕರಿ ನೆಲದಲ್ಲಿ ಹತ್ತಿ ಬಿತ್ತಿದವರು, ಇಬ್ಬರೂ ಅದೇ ಅಂಗಡಿಯಲ್ಲಿ ಗೊಬ್ಬರ ತಂದವರು. ಹಾಗಾದರೆ ವ್ಯತ್ಯಾಸ ಎಲ್ಲಿ? ಅದನ್ನು ತಿಳಿಯಲು ಸುಮಾರು 225 ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ನಮ್ಮ ಶಾಲೆಗಳ ಮಕ್ಕಳಲ್ಲಿ ಬಹುಪಾಲು ರೈತರ, ಕೂಲಿಕಾರರ ಮನೆಯವರು. ಹಾಗಾಗಿ ಈ ವಿಷಯವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಓದಿ ಹೇಳುವಂತಿರಲಿ ಎಂಬುದು ನಮ್ಮ ಆಸೆ.

ಊರು ಎಲ್ಲಿದೆ?

ನಂದವರಂ ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ ಒಂದು ಮಂಡಲ. ಎಮ್ಮಿಗನೂರಿನ ನೆರೆಯಲ್ಲಿದೆ, ಮಂತ್ರಾಲಯವೂ ದೂರವಿಲ್ಲ. ಉತ್ತರಕ್ಕೆ ತುಂಗಭದ್ರಾ ಹೊಳೆ. ಹೊಳೆ ದಾಟಿದರೆ ಈಗ ತೆಲಂಗಾಣದ ಗದ್ವಾಲ ಸೀಮೆ. ಹೊಳೆಯ ಗುಂಟ ಮೇಲಕ್ಕೆ ಹೋದರೆ ಕರ್ನಾಟಕದ ರಾಯಚೂರು ಜಿಲ್ಲೆ. ನಂದವರಂ ಕಡೆ ತೆಲುಗು ಹೆಚ್ಚು. ಪಶ್ಚಿಮಕ್ಕೆ ಕೋಸಿಗಿ, ಕೌತಾಳಂ, ಹೊಳಗುಂದದ ಕಡೆ ಹೋದಂತೆಲ್ಲ ಕನ್ನಡ ಹೆಚ್ಚುತ್ತಾ ಹೋಗುತ್ತದೆ. ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಜೋಳ, ಶೇಂಗಾ ಇಲ್ಲಿನ ಬೆಳೆ. ಹತ್ತಿಗೆ ಆದೋನಿ ಮಾರ್ಕೆಟ್ಟೇ ದಿಕ್ಕು.

ನೀರಿದ್ದ ಕಡೆ ಬದುಕು, ನೀರಿಲ್ಲದ ಕಡೆ ಗುಳೆ. ನಮ್ಮ ಸೀಮೆಯಲ್ಲಿ ಗುಳೆ ಹೋಗುವುದನ್ನು ತೆಲುಗಿನವರೂ "ಸುಗ್ಗಿಗೆ ಹೋಗುವುದು" ಅನ್ನುತ್ತಾರೆ! ಕನ್ನಡದ ಸುಗ್ಗಿ ಎಂದರೆ ಸಂಭ್ರಮ. ಇಲ್ಲಿನ ಸುಗ್ಗಿ ಎಂದರೆ ಮಕ್ಕಳು ಮರಿ ಕಟ್ಟಿಕೊಂಡು ಗುಂಟೂರಿನ ಮೆಣಸಿನಕಾಯಿ, ಹತ್ತಿ ಹೊಲಗಳಿಗೆ ಹೋಗುವುದು. ಯಾರದೋ ಹೊಲದ ಸುಗ್ಗಿಗೆ ನಮ್ಮ ತರಗತಿಗಳು ಖಾಲಿಯಾಗುತ್ತವೆ. ಆದ್ದರಿಂದ ಸರ್ಕಾರದ ನೆರವು ಯಾರ ಕೈಗೆ ಸೇರುತ್ತದೆ ಎಂಬುದು ಶಾಲೆಯ ಹಾಜರಿ ಪುಸ್ತಕಕ್ಕೂ ಸಂಬಂಧಪಟ್ಟ ವಿಷಯ.

ಪಟ್ಟಾ ಹುಟ್ಟಿದ ಬಗೆ

ಆದೋನಿ ಕೋಟೆ ಒಂದು ಕಾಲಕ್ಕೆ ದೊಡ್ಡ ಹೆಸರು. 1786ರಲ್ಲಿ ಟಿಪ್ಪು ಸುಲ್ತಾನ ಅದನ್ನು ಹಿಡಿದ. ಟಿಪ್ಪು ಸತ್ತ ಮರುವರ್ಷ, ಅಂದರೆ 1800ರ ಅಕ್ಟೋಬರಿನಲ್ಲಿ, ಹೈದರಾಬಾದಿನ ನಿಜಾಮ ತುಂಗಭದ್ರೆಯ ದಕ್ಷಿಣದ ತನ್ನ ಸೀಮೆಗಳನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ಈ ನಾಡಿಗೆ ದತ್ತ ಮಂಡಲ ಎಂಬ ಹೆಸರು ಬಂತು. ರಾಯಲಸೀಮೆ ಎಂಬ ಹೆಸರು ಬಹಳ ತಡವಾಗಿ ಬಂದದ್ದು.

ಆಗ ಇಲ್ಲಿಗೆ ಪ್ರಧಾನ ಕಲೆಕ್ಟರ್ ಆಗಿ ಬಂದವನು ಥಾಮಸ್ ಮನ್ರೋ. 1800ರಿಂದ 1807ರವರೆಗೆ ಇದ್ದ. ಮಂತ್ರಾಲಯದ ರಾಯರ ಕಥೆಯಲ್ಲಿ ಬರುವ ಅದೇ ಮನ್ರೋ. ಆ ಕಥೆ ನಮ್ಮ ಮಕ್ಕಳಿಗೆಲ್ಲ ಬರುತ್ತದೆ. ಆದರೆ ಮನ್ರೋ ನಮ್ಮ ಬದುಕಿನಲ್ಲಿ ಬಿಟ್ಟುಹೋದ ನಿಜವಾದ ಗುರುತು ಬೇರೆ ಇದೆ. ಅದು ರೈತವಾರಿ ಪದ್ಧತಿ.

ಜಮೀನ್ದಾರಿ ಸೀಮೆಗಳಲ್ಲಿ ಜಮೀನ್ದಾರ ರೈತರಿಂದ ವಸೂಲಿ ಮಾಡಿ ಕಂಪನಿಗೆ ಕಟ್ಟುತ್ತಿದ್ದ. ರೈತವಾರಿಯಲ್ಲಿ ನಡುವೆ ಜಮೀನ್ದಾರ ಇಲ್ಲ. ಸರ್ಕಾರ ಹೊಲ ಅಳೆಸಿ, ಪ್ರತಿ ಹೊಲಕ್ಕೂ ತೀರ್ವೆ ಕಟ್ಟಿ, ಆ ತೀರ್ವೆಗೆ ಹೊಣೆಯಾದವನ ಹೆಸರಿಗೆ ಪಟ್ಟಾ ಕೊಡುತ್ತಿತ್ತು. ಲೆಕ್ಕ ಇಡಲು ಕರಣಂ. ಮೈಸೂರು ಕಡೆ ಶಾನುಭೋಗ ಎಂದರೆ ನಮ್ಮ ಕಡೆ ಕರಣಂ.

ಈ ಒಂದು ಮಾತನ್ನು ಮಕ್ಕಳು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು. ಪಟ್ಟಾ ಹುಟ್ಟಿದ್ದು ಕಂದಾಯ ಯಾರು ಕಟ್ಟಬೇಕು ಎಂದು ಗುರುತಿಸಲು. ಆ ಹೊಲವನ್ನು ಯಾರು ಉತ್ತರು, ಯಾರು ಕಳೆ ತೆಗೆದರು ಎಂದು ಗುರುತಿಸಲು ಅಲ್ಲ. ಪಟ್ಟಾದಾರನೇ ಉಳುತ್ತಿದ್ದರೆ ಎರಡೂ ಒಂದೇ. ಆದರೆ ಅವನು ಹೊಲವನ್ನು ಗುತ್ತಿಗೆಗೋ ಕೋರಿಗೋ ಕೊಟ್ಟಿದ್ದರೆ, ಉಳುವವನ ಹೆಸರು ಪಟ್ಟಾದಲ್ಲಿ ಇರುವುದಿಲ್ಲ. ಕಂದಾಯ ಪಡೆಯುವ ಸರ್ಕಾರಕ್ಕೆ ಅದರಿಂದ ಏನೂ ತೊಂದರೆ ಇರಲಿಲ್ಲ. ದುಡ್ಡು ಕೊಡುವ ಸರ್ಕಾರ ಬಂದಾಗ ತೊಂದರೆ ಶುರುವಾಯಿತು.

ತಗಾವಿ

ಸರ್ಕಾರ ರೈತನಿಗೆ ದುಡ್ಡು ಕೊಡುವುದು ಹೊಸದೇನಲ್ಲ. ಬಿತ್ತನೆ ಬೀಜಕ್ಕೆ, ಎತ್ತಿಗೆ, ಬಾವಿ ತೋಡಲು ಮುಂಗಡ ಕೊಡುವ ರೂಢಿ ಮೊಗಲರ ಕಾಲದಿಂದ ಇತ್ತು. ಅದಕ್ಕೆ ತಗಾವಿ ಅಥವಾ ತಕಾವಿ ಎಂದು ಹೆಸರು. ಅರಬ್ಬಿ ಮೂಲದ ಆ ಮಾತಿಗೆ ಬಲ ಕೊಡುವುದು ಎಂಬ ಅರ್ಥವಿದೆ. ಕಂಪನಿ ಸರ್ಕಾರವೂ ಅದನ್ನು ಮುಂದುವರಿಸಿತು. ಇದರಲ್ಲಿ ದಾನದ ಮಾತೇ ಇಲ್ಲ. ಬಿತ್ತದಿದ್ದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಕಂದಾಯ ಇಲ್ಲ. ಆದ್ದರಿಂದ ತಗಾವಿ ಎಂದರೆ ಸರ್ಕಾರ ತನ್ನ ಕಂದಾಯಕ್ಕೆ ತಾನೇ ಬಿತ್ತುವ ಬೀಜ.

ಆಮೇಲೆ ಬಂತು ದೊಡ್ಡ ಬರ. 1876ರಿಂದ 1878. ಹಿರಿಯರು ಧಾತು, ಈಶ್ವರ ಸಂವತ್ಸರದ ಬರ ಎಂದು ಹೇಳುತ್ತಿದ್ದರಲ್ಲ, ಅದೇ. ಮದ್ರಾಸ್ ಪ್ರಾಂತ್ಯದಲ್ಲಿ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಬಳ್ಳಾರಿ, ಕರ್ನೂಲು ಎರಡೂ ಇದ್ದವು. ಆಗ ಆದೋನಿ ತಾಲ್ಲೂಕು ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬರಪರಿಹಾರ ಕೆಲಸದ ಕೂಲಿ ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಒಂದಾಣೆ! ಪೌಂಡು ಎಂದರೆ ಅರ್ಧ ಕಿಲೋಗಿಂತ ಕಡಿಮೆ. ಅಷ್ಟರಲ್ಲಿ ಮಣ್ಣು ಹೊರುವ ಮನುಷ್ಯ ಬದುಕಲಾರ ಎಂದು ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದ ಮಾಡಿದ ಮೇಲೆ, ಕೆಲವು ತಿಂಗಳಿಗೆ ಕೂಲಿ ಏರಿಸಿದರು. ಅಷ್ಟರಲ್ಲಿ ಲಕ್ಷಾಂತರ ಜನ ಹೋಗಿದ್ದರು.

ಬರ ಮುಗಿದ ಮೇಲೆ ಕ್ಷಾಮ ಆಯೋಗ ಕೂತಿತು, 1880ರಲ್ಲಿ ವರದಿ ಕೊಟ್ಟಿತು. ಅದರ ಬೆನ್ನಿಗೆ ಎರಡು ಕಾಯ್ದೆ ಬಂದವು. ಬಾವಿ, ಬದು, ಕೆರೆಯಂತಹ ಕೆಲಸಕ್ಕೆ 1883ರ ಭೂ ಸುಧಾರಣಾ ಸಾಲದ ಕಾಯ್ದೆ. ಬೀಜ, ಎತ್ತು ಮುಂತಾದವಕ್ಕೆ 1884ರ ಕೃಷಿಕರ ಸಾಲದ ಕಾಯ್ದೆ. ರೂಢಿಯಾಗಿದ್ದ ತಗಾವಿ ಹೀಗೆ ಕಾನೂನಾಯಿತು.

ಆದರೆ ಈ ಸಾಲ ಕಟ್ಟದಿದ್ದರೆ ಕಂದಾಯದ ಬಾಕಿಯಂತೆ ವಸೂಲಿ. ಅಂದರೆ ಜಪ್ತಿ, ಹರಾಜು. ಕೊಡುವ ಅಧಿಕಾರಿ ಮೊದಲು ನೋಡುವುದು ಜಾಮೀನಿಗೆ ಏನಿದೆ ಎಂದು. ಜಾಮೀನು ಎಂದರೆ ಹೊಲ, ಹೊಲ ಎಂದರೆ ಪಟ್ಟಾ. ಕಂದಾಯಕ್ಕೆ ಹುಟ್ಟಿದ ಕಾಗದ ಹೀಗೆ ಸಾಲಕ್ಕೂ ದಾರಿಯಾಯಿತು. ಪಟ್ಟಾ ಇಲ್ಲದವನಿಗೆ ಉಳಿದದ್ದು ಸಾಹುಕಾರನ ಅಂಗಡಿ. ಅಲ್ಲಿ ಬಡ್ಡಿ ಬೇರೆ, ಬೆಳೆಯನ್ನು ಅವನಿಗೇ ಮಾರಬೇಕೆಂಬ ಕರಾರು ಬೇರೆ.

ಋಣ ತೀರಿಸುವ ಕಾಯ್ದೆ, ಗಡಿ ಸರಿದ ವರ್ಷ

ಸಾಲ ಮನ್ನಾ ಎಂಬುದು ಇತ್ತೀಚಿನ ರಾಜಕೀಯ ಎಂದು ನಾವು ತಿಳಿದಿರುತ್ತೇವೆ. ಅದಕ್ಕೂ ಹಳೆಯ ಬೇರಿದೆ. 1937ರಲ್ಲಿ ಮದ್ರಾಸಿನಲ್ಲಿ ರಾಜಾಜಿಯವರ ಸರ್ಕಾರ ಬಂತು. ಮರುವರ್ಷವೇ, 1938ರಲ್ಲಿ, ಮದ್ರಾಸು ಕೃಷಿಕರ ಪರಿಹಾರ ಕಾಯ್ದೆ ಮಾಡಿದರು. ಹಳೆಯ ಸಾಲಗಳ ಮೇಲೆ 1937ರ ಅಕ್ಟೋಬರ್ 1ಕ್ಕೆ ಉಳಿದಿದ್ದ ಬಡ್ಡಿ ರದ್ದಾಯಿತು. ಅಸಲಿನ ಎರಡರಷ್ಟು ಆಗಲೇ ಕಟ್ಟಿದ್ದರೆ ಸಾಲವೇ ತೀರಿತು ಎಂದು ಲೆಕ್ಕ. ಆಗ ನಮ್ಮ ಸೀಮೆ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು, ಆದ್ದರಿಂದ ಈ ಕಾಯ್ದೆ ನಮ್ಮ ಅಜ್ಜಂದಿರಿಗೂ ಅನ್ವಯಿಸಿತು. ಆ ಕಾಯ್ದೆಯೂ ಕೃಷಿಕ ಎಂದರೆ ಯಾರು ಎಂಬ ವ್ಯಾಖ್ಯೆಯಿಂದಲೇ ಆರಂಭವಾಗಬೇಕಾಯಿತು. ಆ ಪ್ರಶ್ನೆ ಎಲ್ಲ ಯೋಜನೆಗಳ ಬಾಗಿಲಲ್ಲೂ ನಿಂತಿರುತ್ತದೆ.

1953 ನಮ್ಮ ಪಾಲಿಗೆ ಎರಡು ಕಾರಣಕ್ಕೆ ಮುಖ್ಯ ವರ್ಷ. ಆ ವರ್ಷ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಟ್ಟರು. ಕೆಳಮಟ್ಟದ ಕಾಲುವೆ ಬಳ್ಳಾರಿ ದಾಟಿ ಆದೋನಿ, ಎಮ್ಮಿಗನೂರು ಸೀಮೆಗೂ ಬಂತು. ಅದೇ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿತು. ಬಳ್ಳಾರಿ ಜಿಲ್ಲೆ ಒಡೆಯಿತು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಆದೋನಿ, ಆಲೂರು ಕರ್ನೂಲು ಜಿಲ್ಲೆಗೆ ಸೇರಿದವು.

1966ರಲ್ಲಿ ತೆಲುಗು ಆಂಧ್ರದ ಆಡಳಿತ ಭಾಷೆ ಎಂದು ಕಾನೂನಾಯಿತು. ಹೊಲ ಅಲ್ಲೇ ಇತ್ತು, ಹೊಲದ ಕಾಗದದ ಭಾಷೆ ತೆಲುಗಾಯಿತು. ಮನೆಯಲ್ಲಿ, ಊರಲ್ಲಿ, ಶಾಲೆಯಲ್ಲಿ ಈರಣ್ಣ ಎಂದು ಕರೆಸಿಕೊಳ್ಳುವವನು ಕಾಗದದಲ್ಲಿ ವೀರಣ್ಣ ಆದ. ಆಗ ಇದು ದೊಡ್ಡ ಮಾತಲ್ಲ, ಕರಣಂಗೆ ಇಬ್ಬರೂ ಒಬ್ಬನೇ ಎಂದು ಗೊತ್ತಿತ್ತು. ಕಂಪ್ಯೂಟರಿಗೆ ಅದು ಗೊತ್ತಿಲ್ಲ. ಆಧಾರ್‌ನಲ್ಲಿ ಒಂದು ಕಾಗುಣಿತ, ಪಾಸ್‌ಪುಸ್ತಕದಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು ಇದ್ದರೆ ಕಂತು ನಡುದಾರಿಯಲ್ಲೇ ನಿಲ್ಲುತ್ತದೆ. ಗಡಿನಾಡಿನ ಕನ್ನಡದ ಮನೆಗಳಿಗೆ ಇದು ವಿಶೇಷ ಕಷ್ಟ.

ಕರಣಂ ಹುದ್ದೆಯೂ ಉಳಿಯಲಿಲ್ಲ. ಎನ್.ಟಿ. ರಾಮರಾವ್ ಸರ್ಕಾರ 1984ರಲ್ಲಿ ವಂಶಪಾರಂಪರ್ಯವಾಗಿ ಬಂದ ಗ್ರಾಮಾಧಿಕಾರಿಗಳ ಹುದ್ದೆ ತೆಗೆಯಿತು. 1985ರಲ್ಲಿ ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿತು. ಒಬ್ಬ ಮನುಷ್ಯನ ತಲೆಯಲ್ಲಿದ್ದ ಊರಿನ ಲೆಕ್ಕ ಕಚೇರಿಗೆ ಹೋಯಿತು. ಕರಣಂನ ದರ್ಬಾರು ತಪ್ಪಿದ್ದು ಬಡವರಿಗೆ ಒಳ್ಳೆಯದೇ ಆಯಿತು. ಆದರೆ ಯಾವ ಹೊಲವನ್ನು ನಿಜವಾಗಿ ಯಾರು ಮಾಡುತ್ತಿದ್ದಾರೆ ಎಂಬ ತಿಳುವಳಿಕೆಯೂ ಅವನ ಜೊತೆಗೇ ಹೋಯಿತು.

ಮನ್ನಾ ಆದ ಸಾಲ ಯಾರದು?

ಇನ್ನು ನಮ್ಮ ಕಾಲಕ್ಕೆ ಬರೋಣ. 1990ರಲ್ಲಿ ವಿ.ಪಿ. ಸಿಂಗ್ ಸರ್ಕಾರ 10,000 ರೂಪಾಯಿವರೆಗಿನ ಸಾಲ ಮನ್ನಾ ಮಾಡಿತು. 2008ರಲ್ಲಿ ಕೇಂದ್ರ ಸರ್ಕಾರದ ದೊಡ್ಡ ಮನ್ನಾ ಬಂತು. ಎರಡು ಹೆಕ್ಟೇರು, ಅಂದರೆ ಸುಮಾರು ಐದು ಎಕರೆವರೆಗಿನ ರೈತನ ಬಾಕಿ ಪೂರ್ತಿ ಮಾಫಿ. ಅದಕ್ಕಿಂತ ಹೆಚ್ಚಿದ್ದರೆ ಮುಕ್ಕಾಲು ಕಟ್ಟಿದವರಿಗೆ ಕಾಲು ಭಾಗ ಮಾಫಿ. ಬರದ ಜಿಲ್ಲೆಗಳಿಗೆ ಕಾಲು ಭಾಗ ಇಲ್ಲವೇ 20,000 ರೂಪಾಯಿ, ಯಾವುದು ಹೆಚ್ಚೋ ಅದು.

ಇಲ್ಲಿ ಒಂದು ಲೆಕ್ಕ ಗಮನಿಸಿ. ಕೃಷ್ಣಾ ಕಾಲುವೆಯ ಕೆಳಗೆ ಎರಡು ಬೆಳೆ ಭತ್ತ ತೆಗೆಯುವ ಐದು ಎಕರೆಯೂ ಐದೇ ಎಕರೆ, ಮಳೆ ನಂಬಿದ ನಮ್ಮ ಐದು ಎಕರೆಯೂ ಐದೇ ಎಕರೆ. ನಮ್ಮಲ್ಲಿ ಎಂಟು ಎಕರೆ ಕುಷ್ಕಿ ಇದ್ದವನೂ ಬಡವನೇ. ಆದರೆ ಕಾಗದದಲ್ಲಿ ಅವನು ಸಣ್ಣ ರೈತನಲ್ಲ. ಮುಂದೆ ಮಹಾಲೇಖಪಾಲರ ತಪಾಸಣೆಯಲ್ಲಿ ಅರ್ಹರನ್ನು ಬಿಟ್ಟದ್ದು, ಅರ್ಹರಲ್ಲದವರಿಗೆ ಕೊಟ್ಟದ್ದು ಎರಡೂ ಹೊರಬಂದವು.

2014ರಲ್ಲಿ ಆಂಧ್ರಪ್ರದೇಶ ಎರಡಾದ ಮೇಲೆ ಚಂದ್ರಬಾಬು ನಾಯ್ಡು ಸರ್ಕಾರ ಕುಟುಂಬಕ್ಕೆ ಒಂದೂವರೆ ಲಕ್ಷದವರೆಗೆ ಋಣವಿಮುಕ್ತಿ ಘೋಷಿಸಿತು. 50,000 ರೂಪಾಯಿವರೆಗಿನದು ಒಂದೇ ಸಲ, ಉಳಿದದ್ದು ಐದು ಕಂತಿನಲ್ಲಿ. ಕೊನೆಯ ಎರಡು ಕಂತು ರೈತರ ಕೈಸೇರುವ ಮೊದಲೇ 2019ರ ಚುನಾವಣೆ ಬಂತು, ಸರ್ಕಾರ ಬದಲಾಯಿತು, ಕಂತು ಅಲ್ಲಿಗೇ ನಿಂತಿತು.

ಈ ಮೂರೂ ಮನ್ನಾಗಳಿಗೆ ಒಂದು ಸಾಮಾನ್ಯ ಗುಣ ಇದೆ. ಮನ್ನಾ ಆಗುವುದು ಬ್ಯಾಂಕಿನ ಸಾಲ. ಬ್ಯಾಂಕಿನಲ್ಲಿ ಸಾಲ ಸಿಗುವುದು ಪಾಸ್‌ಪುಸ್ತಕ ಇದ್ದವನಿಗೆ. ಹೊಲ ಗುತ್ತಿಗೆಗೆ ಹಿಡಿದು ಅಂಗಡಿಯಲ್ಲಿ ಬಡ್ಡಿಗೆ ತಂದವನ ಸಾಲವನ್ನು ಈ ಮನ್ನಾಗಳು ಮುಟ್ಟಲಿಲ್ಲ. 2004ರಲ್ಲಿ ರೈತರ ಆತ್ಮಹತ್ಯೆಗಳ ನಡುವೆ ರಾಜ್ಯ ಸರ್ಕಾರ ಪ್ರೊಫೆಸರ್ ಜಯತಿ ಘೋಷ್ ಅವರ ಅಧ್ಯಕ್ಷತೆಯಲ್ಲಿ ರೈತರ ಕ್ಷೇಮದ ಆಯೋಗ ನೇಮಿಸಿತ್ತು. ಕೌಲು ರೈತರನ್ನು ಗುರುತಿಸಬೇಕು, ಅವರಿಗೆ ಬ್ಯಾಂಕ್ ಸಾಲ ಸಿಗಬೇಕು ಎಂಬುದು ಆ ಆಯೋಗದ ಮುಖ್ಯ ಮಾತುಗಳಲ್ಲಿ ಒಂದು.

ನೆರೆ ಬಂದಾಗಲೂ ಇದೇ ಕಥೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲು ಮುಳುಗಿದ್ದು ಎಲ್ಲರಿಗೂ ನೆನಪಿದೆ. ನಂದವರಂ ಮಂಡಲದ ನಾಗಲದಿನ್ನೆಯ ಸೇತುವೆಯೂ ಆಗ ಕೊಚ್ಚಿಹೋಯಿತು. ಇಂತಹ ಹೊತ್ತಿನಲ್ಲಿ ಬೆಳೆ ಹಾನಿಗೆ ಕೊಡುವ ಹಣಕ್ಕೆ ಇನ್‌ಪುಟ್ ಸಬ್ಸಿಡಿ ಎನ್ನುತ್ತಾರೆ. ಕೇಂದ್ರದ 2022ರ ನಿಯಮದಂತೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹಾನಿಯಾಗಿದ್ದರೆ ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500, ನೀರಾವರಿಗೆ 17,000 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಬೀಜ ಗೊಬ್ಬರಕ್ಕೆ ದುಡ್ಡು ಹಾಕಿದವನು ಗುತ್ತಿಗೆದಾರ. ಅವನ ಹೆಸರು ಲೆಕ್ಕದಲ್ಲಿ ಇಲ್ಲದಿದ್ದರೆ ಆ ಹಣ ಹೋಗುವುದು ಪಟ್ಟಾದಾರನಿಗೆ.

ನೇರ ಖಾತೆಯ ಕಾಲ, ಹೊಳೆಯ ಮೂರು ಕಡೆ ಮೂರು ಲೆಕ್ಕ

2018ರಿಂದ ಹೊಸ ಕಾಲ ಶುರುವಾಯಿತು. ಸಾಲವಲ್ಲ, ಮನ್ನಾ ಅಲ್ಲ, ನೇರವಾಗಿ ಖಾತೆಗೆ ಹಣ. ಆ ವರ್ಷ ಮೇ ತಿಂಗಳಲ್ಲಿ ತೆಲಂಗಾಣದಲ್ಲಿ ರೈತುಬಂಧು ಬಂತು. 2019ರ ಫೆಬ್ರುವರಿಯಲ್ಲಿ ಕೇಂದ್ರದ ಪಿಎಂ ಕಿಸಾನ್ ಬಂತು. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಮೊದಲು ಎರಡು ಹೆಕ್ಟೇರಿನ ಮಿತಿ ಇತ್ತು, ಕೆಲವೇ ತಿಂಗಳಲ್ಲಿ ಅದನ್ನು ತೆಗೆದರು. ಆದಾಯ ತೆರಿಗೆ ಕಟ್ಟುವವರಂತಹ ಕೆಲವರನ್ನು ಹೊರಗಿಟ್ಟರು. 2019ರ ಫೆಬ್ರುವರಿ 1ಕ್ಕೆ ಜಮೀನು ಹೆಸರಿನಲ್ಲಿ ಇರಬೇಕು. ಆಮೇಲೆ ವಾರಸುದಾರಿಕೆಯಿಂದ ಬಂದದ್ದಕ್ಕೆ ಮಾತ್ರ ವಿನಾಯಿತಿ. ಗುತ್ತಿಗೆದಾರನಿಗೆ ಇದರಲ್ಲಿ ಜಾಗವಿಲ್ಲ.

ಆಂಧ್ರದಲ್ಲಿ 2019ರ ಅಕ್ಟೋಬರ್ 15ರಂದು ಜಗನ್ಮೋಹನ ರೆಡ್ಡಿ ಸರ್ಕಾರದ ವೈಎಸ್ಆರ್ ರೈತು ಭರೋಸಾ ಆರಂಭವಾಯಿತು. ಕೇಂದ್ರದ 6,000ಕ್ಕೆ ರಾಜ್ಯದ 7,500 ಸೇರಿ ವರ್ಷಕ್ಕೆ 13,500. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರಿಗೆ ಸೇರಿದ ಸ್ವಂತ ಜಮೀನಿಲ್ಲದ ಕೌಲು ರೈತರಿಗೂ ಅಷ್ಟೇ ಹಣ, ರಾಜ್ಯದ ಬೊಕ್ಕಸದಿಂದ. ಇದು ಸಣ್ಣ ವಿಷಯವಲ್ಲ. ಪಟ್ಟಾ ಇಲ್ಲದ ರೈತನನ್ನೂ ರೈತ ಎಂದು ಖಾತೆಗೆ ಹಣ ಹಾಕಿದ್ದು ಹೊಸ ಹೆಜ್ಜೆ. ಆ ಯೋಜನೆ 2024ರಲ್ಲಿ ಸರ್ಕಾರದ ಜೊತೆಗೇ ಮುಗಿಯಿತು. 2025ರ ಆಗಸ್ಟ್ 2ರಂದು ಅನ್ನದಾತ ಸುಖೀಭವ ಶುರುವಾಯಿತು. ಕೇಂದ್ರದ 6,000 ಸೇರಿ ವರ್ಷಕ್ಕೆ 20,000. ಮೊದಲ ಕಂತಿನಲ್ಲಿ ರಾಜ್ಯದ 5,000, ಕೇಂದ್ರದ 2,000.

ಕರ್ನಾಟಕದಲ್ಲಿ 2019ರಲ್ಲಿ ಯಡಿಯೂರಪ್ಪ ಸರ್ಕಾರ ಪಿಎಂ ಕಿಸಾನ್ ಜೊತೆಗೆ 4,000 ಸೇರಿಸಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದು ನಿಂತಿತು. ತೆಲಂಗಾಣದಲ್ಲಿ 2025ರ ಜನವರಿಯಿಂದ ರೈತುಬಂಧು ಜಾಗಕ್ಕೆ ರೈತು ಭರೋಸಾ ಬಂತು. ಎಕರೆಗೆ ವರ್ಷಕ್ಕೆ 12,000.

ಈಗ ಗಣಿತದ ಮೇಷ್ಟ್ರು ಕೊಡುವಂತಹ ಒಂದು ಲೆಕ್ಕ. ಒಬ್ಬನಿಗೆ 2 ಎಕರೆ, ಇನ್ನೊಬ್ಬನಿಗೆ 10 ಎಕರೆ ಇದೆ ಎನ್ನೋಣ. ಮೂರನೆಯವನಿಗೆ ಸ್ವಂತದ್ದು ಇಲ್ಲ, 5 ಎಕರೆ ಗುತ್ತಿಗೆಗೆ ಹಿಡಿದಿದ್ದಾನೆ.

ನಂದವರಂ ಕಡೆ, ಕುಟುಂಬಕ್ಕೆ 20,000ದ ಲೆಕ್ಕದಲ್ಲಿ ಮೊದಲಿನ ಇಬ್ಬರಿಗೂ ಅಷ್ಟೇ. 2 ಎಕರೆಯವನಿಗೆ ಎಕರೆಗೆ 10,000 ಬಿದ್ದಂತಾಯಿತು, 10 ಎಕರೆಯವನಿಗೆ 2,000.

ಹೊಳೆ ದಾಟಿ ಗದ್ವಾಲ ಕಡೆ ಹೋದರೆ ರಾಜ್ಯದ ಲೆಕ್ಕದಲ್ಲೇ 2 ಎಕರೆಯವನಿಗೆ 24,000, 10 ಎಕರೆಯವನಿಗೆ 1,20,000. ಕೇಂದ್ರದ 6,000 ಬೇರೆ.

ರಾಯಚೂರಿನ ಕಡೆ ಹೋದರೆ ಪಿಎಂ ಕಿಸಾನ್‌ನ 6,000, ಇಬ್ಬರಿಗೂ ಒಂದೇ.

ಮೂರನೆಯವನು? ರಾಯಚೂರಿನಲ್ಲಿ ಸೊನ್ನೆ. ಗದ್ವಾಲದಲ್ಲಿ ರೈತನಾಗಿ ಸೊನ್ನೆ. ನಂದವರಂನಲ್ಲಿ ಕೌಲು ಕಾರ್ಡು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲಿಯೂ ಸೊನ್ನೆ.

ಒಂದೇ ಹೊಳೆ, ಒಂದೇ ಕರಿ ನೆಲ, ಒಂದೇ ಹತ್ತಿ. ಕುಟುಂಬಕ್ಕೆ ಕೊಟ್ಟರೆ ಸಣ್ಣವನಿಗೆ ಲಾಭ, ಎಕರೆಗೆ ಕೊಟ್ಟರೆ ದೊಡ್ಡವನಿಗೆ ಲಾಭ. ಎರಡರಲ್ಲೂ ಪಟ್ಟಾ ಇಲ್ಲದವನು ಬಾಗಿಲ ಹೊರಗೆ. ಮನ್ರೋ ಕಾಲದಲ್ಲಿ ಕಂದಾಯ ಯಾರಿಂದ ತೆಗೆದುಕೊಳ್ಳಬೇಕು ಎಂದು ಬರೆದ ಪಟ್ಟಿಯ ವಂಶವೇ ಈಗ ಹಣ ಯಾರಿಗೆ ಕೊಡಬೇಕು ಎಂದು ಹೇಳುತ್ತಿದೆ.

ಕಾಲಂ ಇದೆ, ಹೆಸರಿಲ್ಲ

ಹಾಗಾದರೆ ಉಳುವವನನ್ನು ಗುರುತಿಸುವ ದಾರಿಯೇ ಇಲ್ಲವೇ? ಇದೆ. ಅಡಂಗಲ್‌ನಲ್ಲಿ ಪಟ್ಟಾದಾರನ ಕಾಲಂ ಪಕ್ಕದಲ್ಲೇ ಅನುಭವದಾರನ ಕಾಲಂ ಇದೆ. ಕರ್ನಾಟಕದಲ್ಲಿ ಪಹಣಿ ಅನ್ನುವ ಹಾಗೆ ನಮ್ಮಲ್ಲಿ ಅಡಂಗಲ್. ಆದರೆ ಮಾಲೀಕರು ಅಲ್ಲಿ ಬೇರೆಯವರ ಹೆಸರು ಬರೆಯಲು ಒಪ್ಪುವುದಿಲ್ಲ. ಅದಕ್ಕೂ ಕಾರಣವಿದೆ. 1956ರ ಆಂಧ್ರ ಗೇಣಿ ಕಾಯ್ದೆ ಗೇಣಿದಾರನಿಗೆ ಕನಿಷ್ಠ ಆರು ವರ್ಷದ ಅವಧಿಯಂತಹ ರಕ್ಷಣೆ ಕೊಟ್ಟಿತು. ಹೆಸರು ಬರೆದರೆ ನಾಳೆ ಹೊಲವೇ ಹೋದೀತು ಎಂಬ ಭಯ ಮಾಲೀಕನಿಗೆ. ಅವನೂ ಬಹಳ ಸಲ ದೊಡ್ಡ ಸಾಹುಕಾರನಲ್ಲ. ಊರು ಬಿಟ್ಟು ಹೋದ ಸಣ್ಣ ನೌಕರ, ಗಂಡ ತೀರಿಕೊಂಡ ಹೆಣ್ಣುಮಗಳು, ಕೈಲಾಗದ ಮುದುಕ ಆಗಿರಬಹುದು. ರಕ್ಷಣೆಗೆ ಮಾಡಿದ ಕಾಯ್ದೆಯೇ ಕೊನೆಗೆ ಬಾಯಿಮಾತಿನ ಗುತ್ತಿಗೆಯನ್ನು ಬೆಳೆಸಿತು.

ಈ ಭಯ ಕಳೆಯಲು 2011ರಲ್ಲಿ ಒಂದು ಕಾಯ್ದೆ ಬಂತು, ಕೌಲು ರೈತನಿಗೆ ಸಾಲದ ಅರ್ಹತಾ ಕಾರ್ಡು ಕೊಡಲು. 2019ರಲ್ಲಿ ಬೆಳೆ ಸಾಗುವಳಿದಾರರ ಹಕ್ಕುಗಳ ಕಾಯ್ದೆ ಬಂತು. ಒಪ್ಪಂದ 11 ತಿಂಗಳಿಗೆ ಮಾತ್ರ, ಹಕ್ಕು ಬೆಳೆಯ ಮೇಲೆ ಮಾತ್ರ, ಹೊಲದ ಮೇಲೆ ಅಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಕಾರ್ಡಿಗೆ ಮಾಲೀಕನ ಒಪ್ಪಿಗೆ ಬೇಕು. ಕೌಲು ರೈತನ ಹಣ ಹೀಗೆ ಇನ್ನೊಬ್ಬನ ಸಹಿಯ ಮೇಲೆ ನಿಂತಿದೆ.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೆರಿಕದಲ್ಲಿ 1933ರಲ್ಲಿ ಹತ್ತಿಯ ದರ ಬಿದ್ದುಹೋಗಿತ್ತು. ಹತ್ತಿ ಕಡಿಮೆ ಬೆಳೆಯಿರಿ, ಬಿಟ್ಟ ಎಕರೆಗೆ ಹಣ ಕೊಡುತ್ತೇವೆ ಎಂದು ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಕಾಯ್ದೆ ಮಾಡಿತು. ಸುಮಾರು ಒಂದು ಕೋಟಿ ಎಕರೆ ಹತ್ತಿಯನ್ನು ಉತ್ತು ಮಣ್ಣುಪಾಲು ಮಾಡಿದರು. ಒಪ್ಪಂದ ಆಗಿದ್ದು ಹೊಲದ ಮಾಲೀಕರ ಜೊತೆ. ಮಾಲೀಕರು ಕೋರು ರೈತರಿಗೆ ಪಾಲು ಕೊಡಬೇಕು ಎಂದು ನಿಯಮವಿತ್ತು. ಎಷ್ಟೋ ಜನ ಪಾಲು ಕೊಡಲಿಲ್ಲ, ಎಷ್ಟೋ ಜನ ಕೋರು ರೈತರನ್ನೇ ಹೊಲ ಬಿಡಿಸಿದರು. 1934ರಲ್ಲಿ ಆರ್ಕನ್ಸಾ ರಾಜ್ಯದಲ್ಲಿ ಕರಿಯರು, ಬಿಳಿಯರು ಸೇರಿ ಗೇಣಿ ರೈತರ ಸಂಘ ಕಟ್ಟಿದ್ದು ಈ ಕಾರಣಕ್ಕೇ. ಹತ್ತಿಯ ಸೀಮೆ ಆದೋನಿಯಾದರೇನು, ಆರ್ಕನ್ಸಾ ಆದರೇನು? ಹಣ ಕಾಗದ ಹಿಡಿದು ಹೋದರೆ ಬೆವರು ಸುರಿಸಿದವನ ಮನೆ ತಪ್ಪುತ್ತದೆ.

ಶಾಲೆ ಏನು ಮಾಡಬಹುದು?

ಮೇಷ್ಟ್ರುಗಳು ಕಾಯ್ದೆ ಬದಲಿಸಲಾರರು. ಆದರೆ ಓದಲು ಕಲಿಸಬಲ್ಲರು. ಈ ಕಾಗದಗಳನ್ನು ಓದುವುದೂ ಓದೇ.

ಮೊದಲನೆಯದು, ಮನೆಯ ಪಾಸ್‌ಪುಸ್ತಕ, ಅಡಂಗಲ್, ಆಧಾರ್, ಬ್ಯಾಂಕ್ ಪುಸ್ತಕದಲ್ಲಿ ಹೆಸರು ಒಂದೇ ಥರ ಇದೆಯೇ ಎಂದು ಮಕ್ಕಳು ನೋಡಲಿ. ಕನ್ನಡ ಮಾಧ್ಯಮದ ಮಗು ತೆಲುಗನ್ನೂ ಓದಬಲ್ಲದು ಎಂಬುದು ನಮ್ಮ ಶಾಲೆಗಳ ಬಲ. ಆ ಬಲ ಅಜ್ಜಿಯ ಕಾಗದ ಓದಲು ಬರಲಿ.

ಎರಡನೆಯದು, ಹೊಲ ಇನ್ನೂ ತೀರಿಹೋದ ತಾತನ ಹೆಸರಿನಲ್ಲೇ ಇದೆಯೇ? ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರು ಬಾಯಿಮಾತಿಗೆ ಪಾಲಾಗಿರುತ್ತಾರೆ, ಕಾಗದ ಬದಲಾಗಿರುವುದಿಲ್ಲ. ಗಂಡ ತೀರಿಕೊಂಡ ಅವ್ವನ ಹೆಸರು ಎಲ್ಲೂ ಇರುವುದಿಲ್ಲ. ವಾರಸುದಾರಿಕೆ ಮಾಡಿಸದಿದ್ದರೆ ಅಂತಹ ಮನೆಗಳು ಸ್ವಂತ ಹೊಲವಿದ್ದೂ ಹೊರಗೇ ಉಳಿಯುತ್ತವೆ.

ಮೂರನೆಯದು, ಗುತ್ತಿಗೆಗೆ ಮಾಡುವ ಮನೆಯವರು ಹಂಗಾಮಿನ ಆರಂಭದಲ್ಲೇ ಕೌಲು ಕಾರ್ಡು ಕೇಳಬೇಕು, ಇ-ಕ್ರಾಪ್ ನಮೂದಿನಲ್ಲಿ ತಮ್ಮ ಹೆಸರು ಬರೆಸಬೇಕು. ಬೆಳೆ ಹಾನಿಯ ಹಣ, ವಿಮೆ, ಸರ್ಕಾರದ ಖರೀದಿ ಎಲ್ಲವೂ ಈಗ ಆ ನಮೂದನ್ನು ನೋಡುತ್ತವೆ. ಹೊಲ ಕೊಟ್ಟವರು 11 ತಿಂಗಳ ಕಾಗದಕ್ಕೆ ಹೆದರಬೇಕಿಲ್ಲ ಎಂದು ಊರಿನ ಹಿರಿಯರು ಹೇಳಿದರೆ ನೂರು ಸುತ್ತೋಲೆಗಿಂತ ಹೆಚ್ಚು ಕೆಲಸವಾಗುತ್ತದೆ.

ನಾಲ್ಕನೆಯದು, ಪಿಎಂ ಕಿಸಾನ್ ಫಲಾನುಭವಿಗಳ ಪಟ್ಟಿಯನ್ನು ಊರುವಾರು ಯಾರು ಬೇಕಾದರೂ ನೋಡಬಹುದು. ಊರಿನ ಪಟ್ಟಿ ತೆಗೆದು, ಊರಿನಲ್ಲಿ ನಿಜವಾಗಿ ಹೊಲ ಮಾಡುವವರ ಲೆಕ್ಕದ ಜೊತೆ ಇಟ್ಟು ನೋಡಿ. ಯಾರನ್ನೂ ದೂರುವುದಕ್ಕಲ್ಲ, ಹೆಸರು ಹಿಡಿದು ಜಗಳಕ್ಕೆ ಹೋಗುವುದಕ್ಕೂ ಅಲ್ಲ. ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಎಂದು ತಿಳಿಯುವುದಕ್ಕೆ. ಸಮಾಜ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನಮಗೆ ತೋಚುತ್ತಿಲ್ಲ.

ತಗಾವಿ ಸಾಲವಾಗಿತ್ತು, ಕಂತು ಸಾಲವಲ್ಲ. ಇದು ನಿಜಕ್ಕೂ ದೊಡ್ಡ ಬದಲಾವಣೆ. ಅಂದಿನ ಸರ್ಕಾರ ಕೊಟ್ಟದ್ದನ್ನು ಜಪ್ತಿ ಮಾಡಿಯಾದರೂ ವಾಪಸು ಪಡೆಯುತ್ತಿತ್ತು, ಇಂದಿನ ಸರ್ಕಾರವನ್ನು ನಾವು ಓಟಿನಿಂದ ಪ್ರಶ್ನೆ ಮಾಡಬಹುದು. ಬದಲಾಗದೆ ಉಳಿದಿರುವುದು ಪಟ್ಟಿ ಮಾತ್ರ. ಉಳುವವನ ಹೆಸರು ಆ ಪಟ್ಟಿಗೆ ಏರುವ ದಿನ ನಮ್ಮ ಸೀಮೆಯ ಸುಗ್ಗಿ ಎಂಬ ಮಾತಿಗೆ ಅದರ ಹಳೆಯ ಅರ್ಥ ಸ್ವಲ್ಪವಾದರೂ ಮರಳಿ ಬರಬಹುದು.

ನಿಮ್ಮ ಊರಿನಲ್ಲಿ ತಗಾವಿ ಕಾಲದ ನೆನಪಿರುವ ಹಿರಿಯರಿದ್ದರೆ ಅವರ ಮಾತನ್ನು ಮಕ್ಕಳಿಂದ ಬರೆಸಿಡಿ. ಕರಣಂ ಲೆಕ್ಕದಲ್ಲಿ ಸಿಗದ ಎಷ್ಟೋ ಸಂಗತಿ ಅವರ ಬಾಯಲ್ಲಿದೆ.